ಅಕ್ಕ ತುಂಬಿದ ಉಡಿ

ಒಂದು ಕುಬಸಕ್ಕೆ ಎರಡೂ ತೋಳನ್ನು ಎಡಗೈಗೇ ಕತ್ತರಿಸಿದ ದಿನ ನನಗೆ ಏನೋ ಆಗಿದೆ ಅಂತ ಗೊತ್ತಾಯ್ತು. ಹೊಲಿಗೆ ಮಷಿನ್ ಮುಂದೆ ಕೂತು ಅರ್ಧ ಆಯುಷ್ಯ ಕಳೆದವಳು ನಾನು. ಒಂದು ತೋಳಿನ ಮುಂದಿನ ಸುತ್ತು ಎಡಕ್ಕೆ ಬಂದರೆ ಇನ್ನೊಂದರದು ಬಲಕ್ಕೆ ಬರಬೇಕು. ಹೊಲಿಗೆ ಕಲಿಯೋಕೆ ಬರುವ ಹುಡುಗಿಯರಿಗೆ ಮೊದಲು ಹೇಳಿಕೊಡುವ ಪಾಠವೇ ಅದು. ಆವತ್ತು ಕತ್ತರಿಸಿದ ತುಂಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ, ಎರಡೂ ಎಡ. ಬಟ್ಟೆ ನಂದಲ್ಲ, ಯಾರದೋ ಮಗಳ ಸೀಮಂತಕ್ಕೆ ತಂದುಕೊಟ್ಟ ಕುಬಸದ ಕಣ. ಹೊಸಪೇಟೆ ಪೂರ್ತಿ ಹುಡುಕಿದರೂ ಆ ಬಣ್ಣ ಮತ್ತೆ ಸಿಗೋದಿಲ್ಲ. ನೆಲದ ಮೇಲೆ ಕೂತು ಅತ್ತೆ. ಆಮೇಲೆ ನಗು ಬಂತು, ನಕ್ಕೆ. ನಗುತ್ತಾ ನಗುತ್ತಾ ಮತ್ತೆ ಅತ್ತೆ.

ತಲೆನೋವು, ಅನ್ನ ಸೇರೋದಿಲ್ಲ, ಕೈ ನಡುಗುತ್ತದೆ ಅಂತ ಡಾಕ್ಟರ ಹತ್ತಿರ ಹೋದೆ. ಅವರು ನಾಡಿ ಹಿಡಿದು, ಕಣ್ಣು ನೋಡಿ, "ಮನ್ಯಾಗ ಏನಾರ ಆಗೇತೇನ್ರಿ?" ಅಂದರು.

"ಏನಿಲ್ರಿ, ಎಲ್ಲಾ ಆರಾಮ," ಅಂದೆ. ಅಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದೆ. ಹೊರಗೆ ಪಾಳಿ ಕಾಯುತ್ತಿದ್ದವರೆಲ್ಲ ಬಾಗಿಲಿನ ಕಡೆ ಕತ್ತು ಚಾಚಿದರು. ಡಾಕ್ಟರು ಗುಳಿಗೆ ಕೊಡಲಿಲ್ಲ. ಸ್ಟೇಶನ್ ರೋಡಿನ ಒಂದು ಸಂದಿಯ ಗುರುತು ಹೇಳಿದರು. ಅಲ್ಲಿ ಮಹಡಿ ಮೇಲೆ ಕೌನ್ಸೆಲಿಂಗ್ ಮಾಡುವ ಮೇಡಂ ಒಬ್ಬರಿದ್ದಾರೆ, ಗಂಡ-ಹೆಂಡತಿ, ಅತ್ತೆ-ಸೊಸೆ, ಅಣ್ಣ-ತಮ್ಮ, ಹೀಗೆ ಮನೆಯೊಳಗೆ ಮುರಿದುಬಿದ್ದದ್ದನ್ನು ನೋಡೋದೇ ಅವರ ಕೆಲಸ ಅಂದರು. ನನಗೆ ಸಿಟ್ಟು ಬಂತು. ಹುಚ್ಚರ ಲೆಕ್ಕಕ್ಕೆ ಸೇರಿಸಿದರಲ್ಲ ನನ್ನ, ಅಂತ ಗೊಣಗಿಕೊಂಡೇ ಮನೆಗೆ ಬಂದೆ. ಆದರೂ ಮುಂದಿನ ವಾರ ಹೋದೆ.

ನನ್ನ ಮನೆಯೊಳಗೆ ಮುರಿದದ್ದು ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಕಂಪ್ಲಿಯಲ್ಲಿ ಹುಟ್ಟಿದ ಅಕ್ಕ-ತಂಗಿ ನಾವು. ಅಣ್ಣ-ತಮ್ಮ ಅಂತ ಯಾರೂ ಇಲ್ಲ. ಅಕ್ಕನನ್ನು ಕಮಲಾಪುರದ ಒಂದು ಮನೆಗೆ ಕೊಟ್ಟರು. ಬಾಳೆತೋಟ, ಕಬ್ಬು, ತುಂಬಿದ ಮನೆ, ಬಾಯಿ ಜೋರಿನ ಅತ್ತೆ. ಕೆಲವು ವರ್ಷ ಕಳೆದ ಮೇಲೆ ಅದೇ ಮನೆಯ ಕಿರಿಮಗನಿಗೆ ನನ್ನನ್ನು ಕೇಳಿಕೊಂಡು ಬಂದರು. ಕೇಳಿಕೊಂಡು ಬಂದವಳು ಅಕ್ಕನೇ. "ನನ್ನ ತಂಗಿ ನನ್ನ ಕಣ್ಣ ಮುಂದ ಇರ್ತಾಳವ್ವ" ಅಂತ ಅವ್ವನ ಕೈ ಹಿಡಿದು ಹೇಳಿದ್ದು ನನಗಿನ್ನೂ ನೆನಪಿದೆ. ಅವ್ವ ಕಣ್ಣೀರು ಹಾಕಿ ಖುಷಿಪಟ್ಟಳು. ನಾನೂ ಕುಣಿದಾಡಿದೆ. ಖರೇ ಹೇಳಬೇಕು ಅಂದರೆ ನಾನು ಹುಡುಗನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಅಕ್ಕನ ಮನೆಗೆ ಹೋಗ್ತೀನಿ ಅನ್ನೋದೇ ನನಗೆ ಮದುವೆ. ಅಲ್ಲಿಂದ ನಾವು ಅಕ್ಕ-ತಂಗಿಯೂ ಹೌದು, ಅಣ್ಣ-ತಮ್ಮಂದಿರ ಹೆಂಡಿರಾಗಿ ನೆಗೆಣ್ಣಿಯರೂ ಹೌದು. ಒಂದೇ ಒಲೆ, ಒಂದೇ ಬಚ್ಚಲು.

ಗಂಡನಿಗೆ ಸಂಡೂರಿನ ಗುಡ್ಡದ ಕಡೆ ಗಣಿ ಲಾರಿ ಓಡಿಸುವ ಕೆಲಸ. ವಾರಕ್ಕೊಮ್ಮೆ ಕೆಂಪು ಧೂಳು ಮೆತ್ತಿದ ಬಟ್ಟೆ ಹೊತ್ತು ಬರುತ್ತಿದ್ದ, ಒಗೆಸಿಕೊಂಡು ಹೋಗುತ್ತಿದ್ದ. ಸಂಡೂರಿನಲ್ಲಿ ಅವನಿಗೆ ಇನ್ನೊಂದು ಮನೆಯಿದೆ, ಆ ಮನೆಯಲ್ಲಿ ಒಬ್ಬಳಿದ್ದಾಳೆ ಅಂತ ನನಗೆ ಗೊತ್ತಾಗಿದ್ದು ತೀರಾ ಈಚೆಗೆ, ಮಗಳು ಬಳ್ಳಾರಿಯ ಹಾಸ್ಟೆಲಿಗೆ ಸೇರಿದ ಮೇಲೆ. ಕೇಳಿದೆ. ಕೂಗಾಡಿದೆ. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ತಣ್ಣಗೆ, "ನನ್ನೇನು ಕೇಳ್ತೀ? ನಿಮ್ಮಕ್ಕನ್ನ ಕೇಳು. ನನಗ ಸಂಡೂರಿನಾಕಿನ ಬೇಕು, ನಿನ್ನ ತಂಗಿ ಒಲ್ಲೆ ಅಂತ ಮದಿವಿಗಿಂತ ಮುಂಚೇನ ಹೇಳಿದ್ದೆ. ಕೈ ಮುಗದು ಹೇಳಿದ್ದೆ," ಅಂದ.

ಅಡುಗೆಮನೆಗೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಗಂಡ ಹಿಂಗಂದ ಅಂದೆ. ಸುಳ್ಳು ಅನ್ನಲಿ ಅಂತ ಒಳಗೊಳಗೇ ದೇವರಿಗೆ ಬೇಡಿಕೊಳ್ಳುತ್ತಿದ್ದೆ. ಅವಳ ಕೈ ಒಂದು ಗಳಿಗೆ ನಿಂತಿತು. ಮತ್ತೆ ಬಡಿಯತೊಡಗಿತು.

"ಯಾರು ಹೇಳಿದ್ರು?" ಅಂದಳು.

ಅಷ್ಟೇ. ಸುಳ್ಳು ಅನ್ನಲಿಲ್ಲ. ಯಾರು ಹೇಳಿದರು ಅಂತ ಕೇಳಿದಳು. ಗಂಡನ ಮೇಲೆ ನನಗೆ ಬಂದದ್ದು ಸಿಟ್ಟು. ಅಕ್ಕನ ಆ ಮಾತಿಗೆ ನನ್ನ ಮೈಯೆಲ್ಲ ತಣ್ಣಗಾಗಿ ಹೋಯ್ತು. ಆ ವಾರವೇ ಮಷಿನ್ ಎತ್ತಿಸಿಕೊಂಡು ಹೊಸಪೇಟೆಗೆ ಬಂದು ಬಾಡಿಗೆ ಕೋಣೆ ಹಿಡಿದೆ.

ಗಂಡ ಹೋದದ್ದು ಹೋಯ್ತು, ಅವನು ಈಗ ಸಂಡೂರಿನಲ್ಲೇ ಇದ್ದಾನೆ, ಇರಲಿ. ಆದರೆ ಅವ್ವ ತೀರಿಕೊಂಡ ಮೇಲೆ ಪ್ರತಿ ನಾಗರ ಪಂಚಮಿಗೆ ಕಂಪ್ಲಿಯ ಆ ಎರಡು ಅಂಕಣದ ಮನೆಯ ಬೀಗ ತೆಗೆದು, ದೀಪ ಹಚ್ಚಿ, ನನಗೆ ಉಡಿ ತುಂಬುತ್ತಿದ್ದವಳು ಅಕ್ಕ. ತವರಿಂದ ಹೊರಟ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಬೆಲ್ಲ, ಮೇಲೊಂದು ಕಣ ಇಟ್ಟು ಕಳಿಸೋದು ನಮ್ಮ ಕಡೆ ಪದ್ಧತಿ. ಅವ್ವನ ಜಾಗದಲ್ಲಿ ನಿಂತು ಅಕ್ಕ ಅದನ್ನು ಮಾಡುತ್ತಿದ್ದಳು. "ನನಗ ಯಾರು ತುಂಬಬೇಕು? ನಾನ ಅವ್ವ ಆಗಿ ಕುಂತೀನಿ," ಅಂತ ನಗುತ್ತಿದ್ದಳು. ಅವಳನ್ನು ಬಿಟ್ಟರೆ ನನಗೆ ತವರು ಅನ್ನೋದೇ ಇಲ್ಲ. ಅವಳನ್ನು ಇಟ್ಟುಕೊಳ್ಳಲಿಕ್ಕೆ ನನ್ನ ಕೈಲಿ ಆಗುತ್ತಿರಲಿಲ್ಲ.

ಇದನ್ನೆಲ್ಲ ಹೊತ್ತುಕೊಂಡು ಆ ಮಹಡಿ ಹತ್ತಿದೆ. ಮೂರು ಬೆತ್ತದ ಕುರ್ಚಿ, ಒಂದು ಹೂಜಿ ನೀರು, ಕಿರ್ ಕಿರ್ ಅನ್ನುವ ಫ್ಯಾನು. ಮೇಡಂ ನನ್ನ ವಯಸ್ಸಿನವರೇ. ನಾನು ಮೊದಲು ನೋಡಿದ್ದು ಅವರ ಕುಬಸ. ಭುಜ ಜಾರುತ್ತಿತ್ತು, ಬೆನ್ನ ಮೇಲೆ ಸುಕ್ಕು. ಇಂಥ ಕುಬಸ ಹಾಕ್ಕೊಂಡಾಕಿ ನನಗೇನು ಬುದ್ಧಿ ಹೇಳ್ತಾಳ ಅಂದುಕೊಂಡೆ.

"ಬರ್ರಿ ಅಕ್ಕಾರ, ಕುಂದ್ರಿ."

"ಆ ಶಬ್ದ ಬ್ಯಾಡ್ರಿ," ಅಂದೆ.

"ಯಾವ ಶಬ್ದ?"

"ಅಕ್ಕ ಅನ್ನೋದು."

ಯಾಕೆ ಅಂತ ಕೇಳಲಿಲ್ಲ. "ಆತು. ಏನಂತ ಕರೀಲಿ, ನೀವ ಹೇಳ್ರಿ," ಅಂದರು. ನನ್ನನ್ನು ಏನಂತ ಕರೆಯಬೇಕು ಅಂತ ಅಲ್ಲೀತನಕ ಯಾರೂ ನನ್ನನ್ನೇ ಕೇಳಿದ್ದಿಲ್ಲ. "ಬರೇ ನೀವು ಅನ್ರಿ, ಸಾಕು," ಅಂದೆ.

ಎಲ್ಲ ಹೇಳಿದೆ. ಹೇಳಿ ಮುಗಿಸಿ, ಸೆರಗು ಕೊಡವಿ ನೆಟ್ಟಗೆ ಕೂತು, "ಈಗ ಹೇಳ್ರಿ ಮೇಡಂ, ತಪ್ಪು ಯಾರ್ದು?" ಅಂದೆ. ನಮ್ಮಲ್ಲಿ ಜಗಳ ಅಂದರೆ ಹಂಗೇ. ಹಿರಿಯರು ಕೂರುತ್ತಾರೆ, ಎರಡೂ ಕಡೆಯ ಮಾತು ಕೇಳುತ್ತಾರೆ, ಇಂಥವರದ್ದು ತಪ್ಪು ಅನ್ನುತ್ತಾರೆ, ಆಮೇಲೆ ಇಬ್ಬರ ಬಾಯಿಗೂ ಸಕ್ಕರೆ ಹಾಕಿಸಿ ಎಲೆ-ಅಡಿಕೆ ಕೊಟ್ಟು ಎಬ್ಬಿಸುತ್ತಾರೆ. ಸಕ್ಕರೆ ತಿಂದ ಮೇಲೆ ಆ ಮಾತು ಮತ್ತೆ ಎತ್ತುವ ಹಾಗಿಲ್ಲ.

"ನ್ಯಾಯ ಹೇಳಾಕ ನಾನು ಕುಂತಿಲ್ರಿ," ಅಂದರು ಮೇಡಂ.

"ಮತ್ತ್ಯಾಕ ಕುಂತೀರಿ?" ಅಂದುಬಿಟ್ಟೆ. ಬಾಯಿ ನನ್ನ ಕೈಯಲ್ಲಿರಲಿಲ್ಲ.

ಅವರಿಗೆ ನಗು ಬಂತು. ಆಮೇಲೆ ಮೆಲ್ಲಗೆ ಅಂದರು, "ಗಂಡನ ಬಗ್ಗೆ ಎರಡು ಮಾತಿನ್ಯಾಗ ಮುಗಿಸಿದ್ರಿ. ಉಳಿದ ಹೊತ್ತೆಲ್ಲ ಅಕ್ಕನ ಬಗ್ಗೆ ಆತು. ನಿಮಗ ಭಾಳ ಎಲ್ಲಿ ಬ್ಯಾನಿ ಆಗೇತಿ ಅನ್ನೋದು ನಿಮ್ಮ ಮಾತಿನ್ಯಾಗ ಐತಿ." ಅವರು ಹೇಳೋವರೆಗೂ ಅದು ನನಗೇ ತಿಳಿದಿರಲಿಲ್ಲ.

ಸಿಟ್ಟು ಬಂದಾಗ ಮೈಯಲ್ಲಿ ಎಲ್ಲಿ ಬರುತ್ತದೆ ಅಂತ ಕೇಳಿದರು. ಇದೇನು ಪ್ರಶ್ನೆ, ಸಿಟ್ಟಿಗೇನು ಜಾಗ ಇರುತ್ತದಾ ಅಂತ ಅನ್ನಿಸಿದರೂ, "ಕೈಯಾಗ," ಅಂದೆ. ಎರಡು ಎಡತೋಳಿನ ಕಥೆ ಹೇಳಿದೆ. ಸಿಟ್ಟು ಬಂದಾಗ ಕತ್ತರಿ ಕೆಳಗಿಡಿ, ಎರಡೂ ಅಂಗೈ ಬಟ್ಟೆಯ ಮೇಲೆ ಚಪ್ಪಟೆ ಇಟ್ಟು ಕೂರಿ, ಸಿಟ್ಟನ್ನು ಓಡಿಸಬೇಡಿ, ಕೈ ನಿಮ್ಮ ಮಾತು ಕೇಳುವ ಹಾಗಾದ ಮೇಲೆ ಕತ್ತರಿ ಹಿಡಿಯಿರಿ ಅಂದರು. ಇಷ್ಟಕ್ಕೇ ಇಷ್ಟು ದೂರ ಬಂದೆನಾ ಅಂತ ಬೈದುಕೊಂಡು ಇಳಿದೆ. ಆದರೆ ಆಮೇಲೆ ಒಂದು ಬಟ್ಟೆಯೂ ಕೆಡಲಿಲ್ಲ, ಅದು ಖರೇ.

ವಾರವಾರ ಹೋಗತೊಡಗಿದೆ. ನನ್ನನ್ನು ಹೆಚ್ಚು ತಿನ್ನುತ್ತಿದ್ದದ್ದು ಹಳೆಯ ಒಳ್ಳೆಯ ದಿನಗಳು. ಅತ್ತೆ ಬೈದಾಗ ಅಕ್ಕ ಅಡ್ಡ ನಿಂತದ್ದು, ನನ್ನ ಬಾಣಂತನದಲ್ಲಿ ಅವಳೇ ಎಣ್ಣೆ ತಿಕ್ಕಿ ನೀರು ಹಾಕಿದ್ದು, ನನ್ನ ತಾಟಿಗೆ ಯಾವಾಗಲೂ ಒಂದು ಚಮಚ ತುಪ್ಪ ಜಾಸ್ತಿ ಸುರಿದದ್ದು. ಇದನ್ನೆಲ್ಲ ನಾನು ಪ್ರೀತಿ ಅಂದುಕೊಂಡಿದ್ದೆ. ಈಗ ಒಂದೊಂದೂ ನೆನಪಾದಾಗ, ಗೊತ್ತಿದ್ದೂ ಹಳ್ಳಕ್ಕೆ ತಳ್ಳಿದವಳು ಮೇಲಿಂದ ತುಪ್ಪ ಹಾಕುತ್ತಿದ್ದಳಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಆಗಿಹೋದ ಮೋಸ ಒಂದೇ, ಆದರೆ ಅದು ಹಿಂದಕ್ಕೆ ಹೋಗಿ ನನ್ನ ಬಾಳಿನ ಸಿಹಿಯನ್ನೆಲ್ಲ ಮುಟ್ಟಿ ಮುಟ್ಟಿ ಹುಳಿ ಮಾಡಿತು.

"ಆ ತುಪ್ಪ ಸುಳ್ಳಾ ಮೇಡಂ?" ಅಂತ ಒಂದು ದಿನ ಅತ್ತುಕೊಂಡು ಕೇಳಿದೆ.

"ಅದನ್ನ ನಾನೂ ಹೇಳಾಕ ಬರೋದಿಲ್ಲ, ನೀವೂ ಒಬ್ಬರ ಕುಂತು ಹೇಳಾಕ ಬರೋದಿಲ್ಲ," ಅಂದರು. "ಹಾಕಿದಾಕಿನ್ನ ಕೇಳಬೇಕಾಕ್ಕತಿ. ಅಕ್ಕನ್ನ ಕರೀಬೇಕು ಅಂತ ನಿಮಗ ಅನ್ನಿಸಿದಾಗ ಕರೀರಿ. ಅನ್ನಿಸದಿದ್ರ ಬ್ಯಾಡ. ನಮ್ಮ ಕೆಲಸ ನಡೀತೈತಿ."

ಭಾಳ ದಿನ ಬೇಡ ಅಂದೆ. ಮಾವಿನ ಕಾಲ ಬಂದಾಗ ಒಂದು ಸಂಜೆ ನನಗೇ ತಡೆಯದೆ ಫೋನು ಹಚ್ಚಿದೆ. ಅಕ್ಕ ಒಂದೇ ಮಾತು ಆಡಿದಳು. "ಬರ್ತೀನಿ."

ಬಂದಳು. ಅಯ್ಯೋ ಶಿವನೇ, ಹೇಗೆ ಬಂದಳು ಅಂದರೆ, ಒಂದು ಕ್ರೂಸರ್ ಗಾಡಿ ತುಂಬ ಜನ ಹೇರಿಕೊಂಡು ಬಂದಳು! ಭಾವ, ಮಾವನ ಅಣ್ಣ ದೊಡ್ಡ ಮಾವ, ಅವನ ಇಬ್ಬರು ಗೆಳೆಯರು, ಓಣಿಯ ಹಿರೀಕರು, ಕಾಲು ನೋವು ಅಂತ ಮನೆ ಬಿಟ್ಟು ಹೊರಡದ ಅತ್ತೆ ಕೂಡ ಮುಂದಿನ ಸೀಟಿನಲ್ಲಿ. ಒಂದು ಗೊನೆ ಬಾಳೆಹಣ್ಣು, ತಟ್ಟೆಯಲ್ಲಿ ಎಲೆ-ಅಡಿಕೆ. ಹೊಸಪೇಟೆಯಲ್ಲಿ ಯಾರೋ ಮೇಡಂ ನ್ಯಾಯ ಮಾಡುತ್ತಾರೆ, ಹಿರಿಯರಿಲ್ಲದೆ ನ್ಯಾಯ ಹೆಂಗಾಗುತ್ತದೆ ಅಂತ ಎಲ್ಲರೂ ಹೊರಟುಬಂದಿದ್ದರು. ಆ ಸಂದಿಯಲ್ಲಿ ಕ್ರೂಸರ್ ತಿರುಗಲಿಕ್ಕೂ ಜಾಗವಿಲ್ಲ. ಆಟೋದವರು ಹಾರ್ನ್ ಹೊಡೆಯುತ್ತಿದ್ದರು.

ಮೇಡಂ ಕೆಳಗಿಳಿದು ಬಂದರು. ಒಂದು ಗಳಿಗೆ ಗಾಬರಿಯಾದರು, ಆದರೆ ತೋರಿಸಿಕೊಳ್ಳಲಿಲ್ಲ. "ಅಕ್ಕ-ತಂಗಿ ಇಬ್ರ ಮ್ಯಾಲ ಬರ್ರಿ. ಉಳಿದೋರು ಹಂಪಿ ಕಡೆ ಹೋಗಿ ದೇವರ ದರ್ಶನ ಮಾಡ್ಕೊಂಡು ಬರ್ರಿ," ಅಂದರು.

ದೊಡ್ಡ ಮಾವ ನಕ್ಕುಬಿಟ್ಟ. "ಹಂಪಿ ನಮ್ಮ ಹಿತ್ತಲದಾಗ ಐತಿ ತಾಯಿ. ಅದನ್ನ ನೋಡಾಕ ಹೊಸಪೇಟಿಗೆ ಬರಬೇಕೇನು? ನೀವು ಮಾತಾಡ್ರಿ, ನಾವು ಇಲ್ಲೇ ಇರ್ತೀವಿ."

ಮೇಲೆ ಹೋದೆವು. ಅಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಒಂದು ವರ್ಷದಲ್ಲಿ ಸೊರಗಿದ್ದಳು. ನನಗೆ ಅಯ್ಯೋ ಅನ್ನಿಸಿತು, ಅನ್ನಿಸಿದ್ದಕ್ಕೇ ನನ್ನ ಮೇಲೆ ಸಿಟ್ಟು ಬಂತು. ಮೇಡಂ ಏನು ಕೇಳಿದರೂ ಅವಳು ಕಿಟಕಿಯ ಕಡೆ ನೋಡುತ್ತಾ "ಹೂಂ", "ಆತ್ರಿ" ಅನ್ನುತ್ತಿದ್ದಳು. ಕೆಳಗಿನಿಂದ ದೊಡ್ಡ ಮಾವನ ದನಿ ಮೇಲಕ್ಕೆ ಬರುತ್ತಿತ್ತು. ಅಲ್ಲಿ, ಕ್ರೂಸರ್ ನೆರಳಿನಲ್ಲಿ, ಅವರದೇ ಪಂಚಾಯ್ತಿ ಶುರುವಾಗಿತ್ತು.

ಕೆಳಗಿಳಿದಾಗ ತೀರ್ಪು ತಯಾರಿತ್ತು. "ಆಗಿದ್ದು ಆಗಿಹೋತು. ಹಿರ್ಯಾಕಿ ಅಂದ ಮ್ಯಾಲ ಒಂದು ತಪ್ಪು ಆಕ್ಕತಿ, ಕಿರ್ಯಾಕಿ ಅಂದ ಮ್ಯಾಲ ಹೊಟ್ಟಿಗಿ ಹಾಕ್ಕೋಬೇಕು. ಮುಗೀತು. ಲೇ, ಸಕ್ಕರಿ ತಗೀರಿ," ಅಂದ ದೊಡ್ಡ ಮಾವ. ಅತ್ತೆ ಸೆರಗಿನ ಗಂಟಿನಿಂದ ಸಕ್ಕರೆ ಪೊಟ್ಟಣ ಬಿಚ್ಚಿ ಅಕ್ಕನ ಕೈಗೆ ಸುರಿದಳು. ನಾನು ಅಕ್ಕನ ಮುಖ ನೋಡಿದೆ. ಬೇಡ ಅನ್ನುತ್ತಾಳೆ, ಇದು ನಮ್ಮಿಬ್ಬರ ಮಾತು ಅನ್ನುತ್ತಾಳೆ ಅಂದುಕೊಂಡೆ. ಅವಳು ಮುಂದೆ ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದಳು. ನನ್ನನ್ನು ಕೇಳಲಿಲ್ಲ. ಈ ಸಲವೂ ಕೇಳಲಿಲ್ಲ!

ಥೂ ಅಂತ ಉಗುಳಿದೆ. ಆ ಸಂದಿಯ ನಡುವೆ, ಹಿರಿಯರೆಲ್ಲರ ಕಾಲ ಮುಂದೆ.

"ಎಷ್ಟು ಸೊಕ್ಕು ನೋಡು ಇದಕ್ಕ," ಅಂದಳು ಅತ್ತೆ. ಭಾವ ಬಾಳೆಗೊನೆಯನ್ನು ವಾಪಸು ಕ್ರೂಸರಿಗೆ ಏರಿಸಿದ. ಎಲ್ಲರೂ ಹತ್ತಿ ಹೋದರು. ಅಕ್ಕ ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ನಾನು ಮೇಲೆ ಓಡಿ, ಮಹಡಿಯಿಂದ ಎಲ್ಲ ನೋಡುತ್ತಿದ್ದ ಮೇಡಂ ಮೇಲೆ ಹರಿಹಾಯ್ದೆ. ನಿಮ್ಮ ಮಾತು ಕೇಳಿ ಕರೆದೆ, ನೋಡ್ರಿ ಏನಾಯ್ತು, ಮತ್ತೊಮ್ಮೆ ನನ್ನ ಮಾನ ಕಳೆದಳು, ನೀವು ಬಾಯಿ ಮುಚ್ಚಿ ನೋಡುತ್ತಾ ನಿಂತಿರಿ ಅಂತ ಏನೇನೋ ಅಂದೆ. ಅವರು ಎಲ್ಲ ಕೇಳಿಸಿಕೊಂಡರು.

"ಅವರು ಹಿಂಗ ಬರ್ತಾರ ಅಂತ ನಾನು ಅಂದಾಜು ಮಾಡಬೇಕಿತ್ತು. ಇಬ್ರ ಬರ್ರಿ ಅಂತ ಮೊದಲ ಬಾಯಿ ಬಿಟ್ಟು ಹೇಳಬೇಕಿತ್ತು. ಅದು ನನ್ನ ತಪ್ಪು," ಅಂದರು. ದೊಡ್ಡವರಾದವರು ತಪ್ಪು ಅಂತ ಒಪ್ಪಿಕೊಂಡದ್ದು ನಾನು ಕಂಡಿದ್ದೇ ಕಡಿಮೆ. ನೀರು ಕೊಟ್ಟು ಕೇಳಿದರು, "ಅಕ್ಕ ಹಾಕಿದ್ದನ್ನ 'ಬ್ಯಾಡ' ಅಂತ ನೀವು ಇದಕ್ಕ ಮುಂಚೆ ಯಾವಾಗಾರ ಅಂದಿದ್ರೇನು?"

ಯೋಚಿಸಿದೆ. ಇಲ್ಲ. ಮದುವೆಗೂ ಅಂದಿರಲಿಲ್ಲ. ಯಾರಾದರೂ ಕೇಳಿದ್ದರೆ ತಾನೇ ಬೇಕು-ಬೇಡ ಅನ್ನೋದು.

ಇನ್ನು ಅಕ್ಕ ಬರೋದಿಲ್ಲ ಅಂದುಕೊಂಡಿದ್ದೆ. ಮೂರು ವಾರ ಬಿಟ್ಟು ಆ ಮಹಡಿ ಮೆಟ್ಟಿಲ ಮೇಲೆ ಕೂತಿದ್ದಳು, ಒಬ್ಬಳೇ. ಕಮಲಾಪುರದಿಂದ ಬಸ್ಸಿನಲ್ಲಿ ಬಂದಿದ್ದಳು. ಭಾವನಿಗೆ ಹೇಳಿರಲಿಲ್ಲವಂತೆ. ಅವಳು ಒಬ್ಬಳೇ ಬಸ್ಸು ಹತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಚಪ್ಪಲಿ ಕೂಡ ಮನೆಯೊಳಗೆ ಹಾಕುವ ಹವಾಯಿ ಚಪ್ಪಲಿ.

ಮೇಡಂ ಆವತ್ತು ಒಂದು ಕಟ್ಟಳೆ ಹಾಕಿದರು. ಒಬ್ಬರು ಮಾತಾಡಬೇಕು. ಇನ್ನೊಬ್ಬರು ಉತ್ತರ ಕೊಡುವ ಮೊದಲು ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು. ಹೇಳಿದವರು "ಹೌದು, ನಾನಂದದ್ದು ಇದೇ" ಅಂದ ಮೇಲೆ ಮುಂದಿನ ಮಾತು. ಮಕ್ಕಳಾಟದ ಹಾಗೆ ಕಂಡಿತು ನನಗೆ.

ನಾನು ಮೊದಲು. "ಆತ ನನ್ನ ಒಲ್ಲೆ ಅಂದಿದ್ದು ನಿನಗ ಗೊತ್ತಿತ್ತು. ಗೊತ್ತಿದ್ದೂ ನನಗ ಹೇಳಲಿಲ್ಲ. ನನ್ನ ಕೇಳಲಿಲ್ಲ."

ಅಕ್ಕ ಬಾಯಿ ತೆರೆದಳು. "ಆತ ಒಲ್ಲೆ ಅಂದಿದ್ದು ಗೊತ್ತಿತ್ತು, ಆದ್ರ ಮದಿವಿ ಆದ ಮ್ಯಾಲ ಸರಿ ಹೋಗ್ತಾನ ಅಂತ..."

"ಆದ್ರ ಬ್ಯಾಡ್ರಿ," ಅಂದರು ಮೇಡಂ. "ಆಕಿ ಅಂದಿದ್ದಷ್ಟ."

"ಗೊತ್ತಿತ್ತು, ಆದ್ರ ಅತ್ತಿ..."

"ಆಕಿ ಅಂದಿದ್ದಷ್ಟ."

ಎಷ್ಟು ಸಲ ಹೀಗಾಯ್ತೋ. ಅಕ್ಕನ ಹಣೆ ಬೆವತಿತು. ಆ ಒಂದು "ಆದ್ರ" ಬಿಡಲಿಕ್ಕೆ ಅವಳಿಗೆ ಆಗುತ್ತಿರಲಿಲ್ಲ. ಇಷ್ಟು ವರ್ಷ ಅದರ ಮೇಲೇ ನಿಂತಿದ್ದಳಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. "ಆತ ನಿನ್ನ ಒಲ್ಲೆ ಅಂದಿದ್ದು ನನಗ ಗೊತ್ತಿತ್ತು. ಗೊತ್ತಿದ್ದೂ ನಿನಗ ಹೇಳಲಿಲ್ಲ. ನಿನ್ನ ಕೇಳಲಿಲ್ಲ."

"ಹೌದು, ನಾನಂದದ್ದು ಇದ," ಅಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ. ಇಷ್ಟು ದಿನ ಇದೊಂದು ಮಾತನ್ನು ಅವಳ ಬಾಯಲ್ಲಿ ಕೇಳಲಿಕ್ಕೆ ನಾನು ಸಾಯುತ್ತಿದ್ದೆ. ಕೇಳಿದ ಮೇಲೆ ಸಮಾಧಾನ ಆಗಲಿಲ್ಲ, ಆದರೆ ಎದೆಯೊಳಗೆ ಬಿಗಿದು ಕೂತಿದ್ದದ್ದು ಒಂಚೂರು ಸಡಿಲ ಆಯ್ತು.

ಇನ್ನು ಅವಳ ಸರದಿ. "ಆ ಮನ್ಯಾಗ ನಾನು ಒಬ್ಬಾಕಿನ ಇದ್ದೆ," ಅಂದಳು. "ಅತ್ತಿ ಬೈಯೋದು, ಇವರು ಹೊಡೆಯೋದು. ಅವ್ವಗ ಹೇಳಿದ್ರ ಎದಿ ಒಡಕೋತಾಳ ಅಂತ ಹೇಳಲಿಲ್ಲ. ನೀ ಬಂದ್ರ ನನಗ ಒಬ್ಬರು ಆಗ್ತಾರ ಅಂತ ಆಸಿ ಆತು. ನೀನು ಬೇಕಿತ್ತು ನನಗ."

ಭಾವ ಹೊಡೆಯುತ್ತಿದ್ದನಾ? ನಾನು ಆ ಮನೆಗೆ ಹೋದ ಮೇಲೆ ಒಂದು ಏಟು ಕಂಡಿರಲಿಲ್ಲ. ನಾನು ಬಂದದ್ದಕ್ಕೇ ಅದು ನಿಂತಿತ್ತು ಅಂತ ಆಗ ಹೊಳೆಯಿತು.

"ತಿರುಗಿ ಹೇಳ್ರಿ," ಅಂದರು ಮೇಡಂ ನನಗೆ.

ಅವಳ ನೋವನ್ನು ನನ್ನ ನಾಲಿಗೆಯಿಂದ ಆಡಿಸೋದು ಯಾವ ನ್ಯಾಯ? ಮೋಸ ಹೋದವಳು ನಾನು! ಎದ್ದು ಹೋಗಿಬಿಡಲಾ ಅಂತ ಚಪ್ಪಲಿ ನೋಡಿದೆ. ಮೇಡಂ ಅವಸರ ಮಾಡಲಿಲ್ಲ. ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಎರಡೂ ಅಂಗೈಯನ್ನು ತೊಡೆಯ ಮೇಲೆ ಚಪ್ಪಟೆ ಇಟ್ಟುಕೊಂಡೆ.

"ಆ ಮನ್ಯಾಗ ನೀನು ಒಬ್ಬಾಕಿನ ಇದ್ದಿ," ಅಂದೆ. "ನಿನಗ ಬಡೀತಿದ್ರು. ನಾನು ಬೇಕಿತ್ತು ನಿನಗ." ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. "ನಾನು ಬೇಕಿತ್ತು ನಿನಗ, ಅದಕ್ಕ ನನ್ನ ಬಾಳೇ ತಂದು ಆ ಒಲಿ ಮುಂದ ಒಟ್ಟಿದಿ," ಅಂತ ಚೀರಿದೆ.

ಅಕ್ಕ ಈ ಸಲ ಯಾರೂ ಹೇಳದೆ ತಿರುಗಿ ಹೇಳಿದಳು. "ನಿನ್ನ ಬಾಳೇ ತಂದು ಆ ಒಲಿ ಮುಂದ ಒಟ್ಟಿದೆ." "ಆದ್ರ" ಅನ್ನಲಿಲ್ಲ.

ತುಪ್ಪದ ಮಾತನ್ನೂ ಆವತ್ತೇ ಕೇಳಿದೆ. "ಆ ತುಪ್ಪ ಯಾಕ ಹಾಕ್ತಿದ್ದಿ?" ಅಕ್ಕ ಕಣ್ಣು ಒರೆಸಿಕೊಂಡು, "ನಿನಗ ತುಪ್ಪ ಅಂದ್ರ ಸಣ್ಣಾಕಿ ಇದ್ದಾಗಿಂದ ಜೀವ ಅಲ್ಲೇನ," ಅಂದಳು. ಆಮೇಲೆ, "ತಪ್ಪು ಮಾಡೀನಿ ಅಂತನೂ ಹಾಕ್ತಿದ್ದೆ. ಯಾವ ಚಮಚ ಯಾವುದಕ್ಕ ಅಂತ ನನಗೂ ಗೊತ್ತಿಲ್ಲ," ಅಂದಳು. ಆ ಉತ್ತರ ನಾನು ನಂಬಿದೆ. ಬರೀ ಪ್ರೀತಿ ಅಂದಿದ್ದರೆ ನಂಬುತ್ತಿರಲಿಲ್ಲ.

ಅಕ್ಕ ಹೋದ ಮೇಲೆ ನಾನು ಉಳಿದೆ. "ಈಗ ನಾನು ಆಕಿನ್ನ ಮಾಫ್ ಮಾಡಬೇಕಲ್ಲಾ ಮೇಡಂ? ಅದಕ್ಕೇ ಅಲ್ಲೇನು ಇಷ್ಟೆಲ್ಲ?" ಅಂದೆ.

"ನಾನು ಹಂಗ ಅಂದೀನೇನು?" ಅಂದರು. "ಆಕಿ ಕಷ್ಟ ನಿಮಗ ತಿಳೀತು. ತಿಳಿಯೋದು ಬ್ಯಾರೆ, ಮಾಫ್ ಮಾಡೋದು ಬ್ಯಾರೆ. ಒಂದು ಆದ ಕೂಡ್ಲೆ ಇನ್ನೊಂದು ಆಗಬೇಕು ಅಂತಿಲ್ಲ. ಎಷ್ಟು ಹತ್ರ ಬಿಟ್ಟುಕೋಬೇಕು ಅನ್ನೋದನ್ನ ಇನ್ನ ಮ್ಯಾಲ ನೀವ ನೋಡ್ರಿ." ನಮ್ಮ ಹಿರಿಯರು ಒಂದು ಹಿಡಿ ಸಕ್ಕರೆಯಲ್ಲಿ ಮುಗಿಸುವ ಕೆಲಸವನ್ನು ಈಕೆ ಮುಗಿಸಲಿಕ್ಕೇ ಬಿಡೋದಿಲ್ಲವಲ್ಲ ಅಂತ ಅನ್ನಿಸಿತು. ಆಮೇಲಿನ ವಾರ ಅವರಿಗೆ ಭುಜ ಸರಿಯಾಗಿ ಕೂರುವ ಒಂದು ಕುಬಸ ಹೊಲಿದುಕೊಡುತ್ತೇನೆ ಅಂದೆ. ಇಲ್ಲಿ ಬರುವವರಿಂದ ಏನೂ ತಗೊಳ್ಳೋದಿಲ್ಲ ಅಂತ ನಗುತ್ತಾ ಬೇಡ ಅಂದರು. ಈಗಲೂ ಆ ಭುಜ ಜಾರುತ್ತಲೇ ಇದೆ, ನೋಡಲಿಕ್ಕಾಗೋದಿಲ್ಲ.

ಪಂಚಮಿ ಬಂತು. ಹಿಂದಿನ ವರ್ಷ ನಾನು ಕಂಪ್ಲಿಗೆ ಹೋಗಿರಲಿಲ್ಲ. ಈ ಸಲ ಅಕ್ಕ ಮೇಡಂ ಮುಂದೆಯೇ ಕೇಳಿದಳು, ಬರ್ತೀಯೇನು ಅಂತ. ನೋಡ್ತೀನಿ ಅಂದೆ. ನೋಡಿದೆ, ಹೋದೆ. ಬಸ್ಸಿಳಿದು ಅವ್ವನ ಮನೆಗೆ ಹೋದಾಗ ಅಕ್ಕ ಆಗಲೇ ಕಸ ಹೊಡೆದು, ಸಾರಿಸಿ, ದೀಪ ಹಚ್ಚಿದ್ದಳು. ಶೇಂಗಾದ ಉಂಡಿ ಕಟ್ಟಿಕೊಂಡು ಬಂದಿದ್ದಳು. ಇಬ್ಬರೂ ಒಂದೊಂದು ತಿಂದೆವು. ಹೆಚ್ಚು ಮಾತು ಆಗಲಿಲ್ಲ. ನದಿ ತುಂಬಿದೆಯಂತೆ ಅಂದಳು, ಹೂಂ ಅಂದೆ.

ಹೊರಡುವ ಹೊತ್ತಿಗೆ ಅಕ್ಕ ಮಣೆ ಹಾಕಿದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ, ಎಲ್ಲ ಅಣಿಯಾಗಿತ್ತು. ಮೊರ ಕೈಯಲ್ಲಿ ಹಿಡಿದು ನಿಂತಳು, ಆದರೆ ಮುಂದೆ ಬರಲಿಲ್ಲ.

"ತುಂಬ್ಲೇನು?" ಅಂದಳು. "ನೀ ಬ್ಯಾಡ ಅಂದ್ರ ಬ್ಯಾಡ."

ಏನಾದರೂ ಕೊಡುವ ಮುಂಚೆ ಅಕ್ಕ ನನ್ನನ್ನು ಕೇಳಿದ್ದು ಇದೇ ಮೊದಲು. ಮಣೆಯ ಮೇಲೆ ಕೂತು ಸೆರಗು ಒಡ್ಡಿ, "ತುಂಬು," ಅಂದೆ.

ಹಿಡಿ ಹಿಡಿಯಾಗಿ ತುಂಬಿದಳು. ನಾಲ್ಕು ಕಾಳು ನೆಲಕ್ಕೆ ಬಿದ್ದವು. ಕುಂಕುಮ ಹಚ್ಚಿದಳು. ನಮ್ಮ ಪದ್ಧತಿಯಲ್ಲಿ ಇನ್ನೊಂದು ಉಳಿಯುತ್ತದೆ. ಉಡಿ ತುಂಬಿಸಿಕೊಂಡವಳು ಎದ್ದು, ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ತುಂಬಿದವಳ ಮೊರಕ್ಕೆ ಹಿಂದಿರುಗಿಸಬೇಕು. ನನ್ನ ತವರು ತಣ್ಣಗಿರಲಿ, ನೀವೂ ಉಂಡು ಉಳಿಯಿರಿ ಅಂತ. ಅವ್ವ ಇದ್ದಾಗಿನಿಂದ ಮಾಡಿಕೊಂಡು ಬಂದದ್ದು, ಯೋಚಿಸದೆಯೇ ಕೈ ಹೋಗುತ್ತದೆ.

ಎದ್ದೆ. ಹಿಡಿ ಅಕ್ಕಿ ತೆಗೆದೆ. ಅಕ್ಕ ಮೊರ ಮುಂದೆ ಹಿಡಿದಳು. ಮೊರದ ಮೇಲೆ ನನ್ನ ಮುಷ್ಟಿ ನಿಂತಿತು. ಬಿಚ್ಚಲಿಕ್ಕೆ ನೋಡಿದೆ, ಬಿಚ್ಚಲಿಲ್ಲ. ಬಾಯಲ್ಲಿ ಒಂದು, ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಅದನ್ನು ಹಾಕಿದರೆ ಅದೂ ಆ ಸಕ್ಕರೆಯ ಹಾಗೇ ಆಗುತ್ತದೆ ಅನ್ನಿಸಿತು. ಅಕ್ಕನ ಮುಖ ನೋಡಿದೆ. ಅವಳಿಗೆ ತಿಳಿಯಿತು.

"ಇವತ್ತ ಆಗಲ್ಲಕ್ಕ," ಅಂದೆ. ಅಕ್ಕ ಅನ್ನುವ ಆ ಶಬ್ದ ಬಂದುಬಿಟ್ಟಿತ್ತು, ಅಂದ ಮೇಲೆ ಗೊತ್ತಾಯ್ತು.

ಅಳುತ್ತಾಳೆ, ಹಿರಿಯಳು ಅಂತ ಗದರುತ್ತಾಳೆ ಅಂದುಕೊಂಡೆ. ಅವಳು ಮೊರವನ್ನು ಮೆಲ್ಲಗೆ ಕೆಳಗಿಟ್ಟಳು. "ಬ್ಯಾಡ ಬಿಡು. ಹಂಗ ಒಯ್ಯಿ," ಅಂದಳು. "ನಾ ಕಾಯ್ತೀನಿ." ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಬಂದಳು, ಕಿಟಕಿಯ ಹತ್ತಿರ ನಿಂತಳು, ಜಲ್ದಿ ಮಳೆ ಬರ್ತೈತಿ, ಮುಟ್ಟಿದ ಮೇಲೆ ಫೋನ್ ಮಾಡು ಅಂದಳು.

ಉಡಿಯ ಅಕ್ಕಿಯಲ್ಲಿ ಅನ್ನ ಮಾಡಿ ಉಂಡೆ. ಮಗಳು ಬಂದಿದ್ದಳು, ಅವಳಿಗೂ ಬಡಿಸಿದೆ, ತುಪ್ಪ ಹಾಕಿ. ಆ ಒಂದು ಹಿಡಿಯನ್ನು ಮಾತ್ರ ಬೇರೆ ತೆಗೆದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮಷಿನ್ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ. ಅದನ್ನು ಬೇಯಿಸಿಲ್ಲ, ಚೆಲ್ಲಿಲ್ಲ. ಹುಳ ಹಿಡಿಯದ ಹಾಗೆ ಆಗಾಗ ಬಿಸಿಲಿಗೆ ಹಾಕುತ್ತೇನೆ. ಅಕ್ಕ ಫೋನು ಮಾಡಿದಾಗ ಮಳೆ, ಬಾಳೆ, ಮಗಳ ಓದು ಎಲ್ಲ ಕೇಳುತ್ತಾಳೆ. ಆ ಅಕ್ಕಿ ಏನಾಯ್ತು ಅಂತ ಮಾತ್ರ ಕೇಳೋದಿಲ್ಲ. ಅದು ನಾನು ಕೊಟ್ಟಾಗ ಬರುವುದು ಅಂತ ಅವಳಿಗೆ ಗೊತ್ತು.